ಕುಂದ್ರಿಸಿ ಮಣ್ಣು ಕೊಡಲು ಒಂದು ಜಾಗ

ಮಾನ್ಯ ನಗರಾಧ್ಯಕ್ಷರಿಗೆ, ನಗರಸಭೆಯ ಸದಸ್ಯರಿಗೆ, ಸ್ಮಶಾನದ ಆಡಳಿತ ನೋಡುವ ಅಧಿಕಾರಿಗಳಿಗೆ ಹಾಗೂ ಜರ್ಮನಿಯಲ್ಲಿ ನೆಲೆಸಿರುವ ಕನ್ನಡಿಗರಿಗೆ,

ಶರಣು.

ಈ ಪತ್ರದ ಜರ್ಮನ್ ಪ್ರತಿಯನ್ನು ನಗರಸಭೆಯ ಕಚೇರಿಗೆ ಹೋಗಿ ಕೊಟ್ಟು ಬಂದಿದ್ದೇನೆ. ಅದು ಒಂದೂವರೆ ಪುಟ. ಅದರಲ್ಲಿ ಅಳತೆಗಳಿವೆ, ಕಾನೂನಿನ ಕಲಮುಗಳಿವೆ, ತೀರಿಕೊಂಡ ನಮ್ಮವರನ್ನು ಇಲ್ಲಿಯ ಸ್ಮಶಾನದಲ್ಲಿ ಕೂತ ಭಂಗಿಯಲ್ಲೇ ಹೂಳಲು ಬಿಡಿ ಎಂಬ ಬೇಡಿಕೆ ಇದೆ. ಉಳಿದದ್ದನ್ನು ಆ ಭಾಷೆಯಲ್ಲಿ ಹೇಳಲು ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಇಲ್ಲಿ ಬಾಳಿದ ಮೇಲೂ ನನ್ನಿಂದ ಆಗಲಿಲ್ಲ. ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇದನ್ನು ಓದಬೇಕಾದವರು ನಗರಸಭೆಯವರಷ್ಟೇ ಅಲ್ಲ, ನಮ್ಮವರೂ ಹೌದು. ಯಾಕೆಂದು ಮುಂದೆ ಹೇಳುತ್ತೇನೆ.

ನಾನು ಗದಗ ಸೀಮೆಯವಳು. 2011ರಲ್ಲಿ, ಮದುವೆಯಾದ ಮರು ತಿಂಗಳು, ಯಜಮಾನರ ಜೊತೆ ಜರ್ಮನಿಯ ಬವೇರಿಯ ರಾಜ್ಯಕ್ಕೆ ಬಂದೆ. ನಮ್ಮದು ಲಿಂಗಾಯತರ ಮನೆ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರೂ ಶರಣರೂ ಕಲ್ಯಾಣದಲ್ಲಿ ಕಟ್ಟಿದ ದಾರಿ ನಮ್ಮದು. ದೇವರನ್ನು ಗುಡಿಯಲ್ಲಿ ಅಲ್ಲ, ಕೊರಳಲ್ಲಿ ಇಟ್ಟುಕೊಳ್ಳುವವರು ನಾವು. ಬೆಟ್ಟದ ನೆಲ್ಲಿಕಾಯಿಯಷ್ಟು ದೊಡ್ಡ, ಕರಿಯ ಕಂತಿಯ ಲೇಪವಿರುವ ಇಷ್ಟಲಿಂಗ. ಅದನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು ಶಿವದಾರ ಹಾಕಿ ಎದೆಯ ಮೇಲೆ ಧರಿಸುತ್ತೇವೆ. ಪೂಜೆಯ ಹೊತ್ತಿಗೆ ಎಡ ಅಂಗೈಯಲ್ಲಿ ಇರಿಸಿಕೊಂಡು ನೋಡುತ್ತಾ ಕೂರುತ್ತೇವೆ. ಪೂಜೆಗೆ ಪೂಜಾರಿ ಬೇಡ, ಗಂಟೆ ಬೇಡ, ಊರ ಒಪ್ಪಿಗೆ ಬೇಡ.

ಹಾಗಾಗಿ ವಲಸೆ ಬಂದವರಿಗೆ ಇದಕ್ಕಿಂತ ಸುಲಭದ ಧರ್ಮ ಇನ್ನೊಂದಿಲ್ಲ ಎಂದು ಮೊದಮೊದಲು ನನಗೆ ಅನಿಸುತ್ತಿತ್ತು. ಯಜಮಾನರು ನಸುಕಿನ ಐದಕ್ಕೆ ಎದ್ದು ಸದ್ದಾಗದಂತೆ ಸ್ನಾನ ಮಾಡುತ್ತಿದ್ದರು. ಇಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಮೌನದ ಹೊತ್ತು. ಹೊಗೆ ಕಂಡರೆ ಕಿರುಚುವ ಯಂತ್ರ ಪ್ರತಿ ಮಲಗುವ ಕೋಣೆಯಲ್ಲೂ ಇರಲೇಬೇಕೆಂಬ ಕಾನೂನು ಇರುವುದರಿಂದ ಊದಿನಕಡ್ಡಿಯನ್ನು ಬಾಲ್ಕನಿಗೆ ಸಾಗಿಸಿದೆವು. ಬಿಲ್ವಪತ್ರೆ ಊರಿಂದ ಒಣಗಿಸಿ ತಂದದ್ದು. ಅದು ಮುಗಿದರೆ ಕೆಳಗಿನ ಮನೆಯ ಅಜ್ಜಿ ತೋಟದ ಯಾವುದೋ ಎಲೆ ಕಿತ್ತು ಕೊಡುತ್ತಿದ್ದರು. ಅವರು ಪ್ರತಿ ಭಾನುವಾರ ತಪ್ಪದೆ ಚರ್ಚಿಗೆ ಹೋಗುವ ಕ್ಯಾಥೊಲಿಕ್ ಹೆಣ್ಣುಮಗಳು. ಯಾವ ದೇವರಿಗೆ ಎಂದು ಒಮ್ಮೆಯೂ ಕೇಳಲಿಲ್ಲ. ಎಲೆ ತೊಳೆದು, ಬಟ್ಟೆಯಲ್ಲಿ ಒರೆಸಿ ಕೊಡುತ್ತಿದ್ದರು.

ಈ ದೇಶ ನಮ್ಮ ಧರ್ಮಕ್ಕೆ ಅಡ್ಡ ಬಂತು ಎಂದು ನಾನು ಹೇಳಲಾರೆ. 1949ರ ಮೂಲಕಾನೂನಿನ, ಅಂದರೆ ಇಲ್ಲಿಯ ಸಂವಿಧಾನದ, ನಾಲ್ಕನೆಯ ಕಲಮು ಎಲ್ಲರ ನಂಬಿಕೆಗೂ ರಕ್ಷಣೆ ಕೊಟ್ಟಿದೆ. ಊರಿಗೆ ಬಂದು ಹೆಸರು ನೋಂದಾಯಿಸುವಾಗ ಧರ್ಮದ ಕಾಲಂ ಇತ್ತು. ಚರ್ಚಿನ ತೆರಿಗೆ ಕತ್ತರಿಸಲು ಅದು ಬೇಕಂತೆ, ಬವೇರಿಯದಲ್ಲಿ ಆದಾಯ ತೆರಿಗೆಯ ನೂರಕ್ಕೆ ಎಂಟರಷ್ಟು. ನಾವು ಚರ್ಚಿನವರಲ್ಲವಾದ್ದರಿಂದ ಯಜಮಾನರ ಸಂಬಳದ ಕಾಗದದಲ್ಲಿ ಆ ಜಾಗದಲ್ಲಿ ಎರಡು ಅಡ್ಡಗೆರೆ ಬರುತ್ತಿತ್ತು. ಮಗಳು ಶಾಲೆಯಲ್ಲಿ ಕ್ಯಾಥೊಲಿಕ್ ಪಾಠಕ್ಕೂ ಹೋಗಲಿಲ್ಲ, ಪ್ರಾಟೆಸ್ಟೆಂಟ್ ಪಾಠಕ್ಕೂ ಹೋಗಲಿಲ್ಲ, ನೀತಿಪಾಠದ ತರಗತಿಯಲ್ಲಿ ಕೂತಳು. ನವೆಂಬರ್ 11ರಂದು ಸಂತ ಮಾರ್ಟಿನ್ ಹಬ್ಬಕ್ಕೆ ಕಾಗದದ ಲಾಟೀನು ಹಿಡಿದು ಕತ್ತಲಲ್ಲಿ ಎಲ್ಲ ಮಕ್ಕಳ ಜೊತೆ ಮೆರವಣಿಗೆ ಹೊರಟಳು. ಚಳಿಯಲ್ಲಿ ನಡುಗುವ ಭಿಕ್ಷುಕನಿಗೆ ತನ್ನ ಮೇಲಂಗಿಯನ್ನು ಕತ್ತರಿಸಿ ಅರ್ಧ ಕೊಟ್ಟ ಆ ಸೈನಿಕನ ಕತೆಯನ್ನು ಮನೆಗೆ ಬಂದು ಹೇಳಿದಾಗ, ಇದು ದಾಸೋಹದ ಮಾತೇ ಅಲ್ಲವೇ ಎಂದು ಅವಳಪ್ಪ ಹೇಳಿದ್ದು ನೆನಪಿದೆ. ಆ ಎರಡು ಅಡ್ಡಗೆರೆಗಳಲ್ಲಿ ನಾವು ನೆಮ್ಮದಿಯಾಗಿಯೇ ಇದ್ದೆವು.

2023ರ ಜನವರಿಯವರೆಗೆ.

ಒಂದು ಸಂಜೆ ಯಜಮಾನರು ಕೆಲಸದಿಂದ ಬಂದವರು ಶೂ ಬಿಚ್ಚದೆ ಎದೆ ಹಿಡಿದುಕೊಂಡು ಬಾಗಿಲಲ್ಲೇ ಕೂತರು. ನಾಲ್ವತ್ತೇಳು ವರ್ಷ. ಆಸ್ಪತ್ರೆಯಲ್ಲಿ ಆಂಜಿಯೋಗ್ರಾಮಿಗೆ ಕರೆದೊಯ್ಯುವ ಮುಂಚೆ ಮೈಮೇಲಿನ ಒಡವೆ ತೆಗೆಯಬೇಕೆಂದು ನರ್ಸ್ ಹೇಳಿದರು. ಉಂಗುರ ತೆಗೆದುಕೊಟ್ಟರು. ಕರಡಿಗೆಗೆ ಕೈ ಹಾಕಿದಾಗ ತಡೆದು, ಇದು ಒಡವೆಯಲ್ಲ, ಇದು ಮೈಯಿಂದ ದೂರವಾಗಬಾರದು ಎಂದರು. ಅಷ್ಟು ನೋವಿನಲ್ಲೂ ಅವರ ಜರ್ಮನ್ ತಪ್ಪಲಿಲ್ಲ. ಆ ನರ್ಸ್ ಒಂದು ಗಳಿಗೆ ನಿಂತರು. ಬೆಳ್ಳಿಯ ಕರಡಿಗೆಯನ್ನು ನನ್ನ ಕೈಗೆ ಕೊಟ್ಟು, ಲಿಂಗವನ್ನು ಬಿಳಿ ಗಾಜ್ ಬಟ್ಟೆಯಲ್ಲಿ ಸುತ್ತಿ, ಅವರ ಎಡ ತೋಳಿಗೆ ಬ್ಯಾಂಡೇಜಿನಲ್ಲಿ ಭದ್ರವಾಗಿ ಕಟ್ಟಿದರು. ವೈದ್ಯರಿಗೂ ಮುಂದಿನ ಪಾಳಿಯವರಿಗೂ ತಿಳಿಯಲೆಂದು ಹಾಳೆಯ ಮೇಲೆ ಬರೆದಿಟ್ಟರು. ನಾಲ್ಕನೆಯ ದಿನ ಯಜಮಾನರು ಲಿಂಗೈಕ್ಯರಾದಾಗಲೂ ಆ ಬ್ಯಾಂಡೇಜ್ ಹಾಗೇ ಇತ್ತು. ಪಾಳಿ ಎಷ್ಟು ಸಲ ಬದಲಾಗಿದ್ದರೂ ಯಾರೂ ಬಿಚ್ಚಿರಲಿಲ್ಲ. ಆ ಹೆಣ್ಣುಮಗಳ ಹೆಸರು ನನಗೆ ಗೊತ್ತು, ಇಲ್ಲಿ ಬರೆಯುವುದಿಲ್ಲ. ಪ್ರತಿದಿನ ಪೂಜೆಗೆ ಕೂತಾಗ ನೆನೆಯುತ್ತೇನೆ.

ಅತ್ತೆಗೆ ಫೋನ್ ಮಾಡಿದೆ. ಅವರಿಗೆ ವೀಸಾ ಇಲ್ಲ, ಪಾಸ್‌ಪೋರ್ಟೂ ಇಲ್ಲ. ದೇಹವನ್ನು ವಿಮಾನದಲ್ಲಿ ಊರಿಗೆ ಕಳಿಸುವುದೋ ಇಲ್ಲೇ ಮಾಡುವುದೋ ಎಂದು ಮೈದುನರೊಂದಿಗೆ ಮಾತಾಡುತ್ತಿದ್ದೆ. ಅತ್ತೆ ಫೋನ್ ಇಸಿದುಕೊಂಡರು. “ಯವ್ವಾ, ಮಕ್ಳು ಎಲ್ಲಿರ್ತಾವೋ ಅವ್ರಪ್ಪ ಅಲ್ಲೇ ಇರ್ಲಿ. ಸುಡಬ್ಯಾಡ ಒಂದು. ಮಲಗಿಸಬ್ಯಾಡ. ಕುಂದ್ರಿಸಿ ಮಣ್ಣು ಕೊಡು.”

ನಗರಸಭೆಯ ಸದಸ್ಯರಿಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮಲ್ಲಿ ತೀರಿಕೊಂಡವರನ್ನು ಸುಡುವುದಿಲ್ಲ. ಮೀಯಿಸಿ, ವಿಭೂತಿ ಹಚ್ಚಿ, ರುದ್ರಾಕ್ಷಿ ತೊಡಿಸಿ, ಪೂಜೆಗೆ ಕೂತಂತೆ ಕುಂದ್ರಿಸುತ್ತಾರೆ. ರಾತ್ರಿಯಿಡೀ ಭಜನೆ ನಡೆಯುತ್ತದೆ. ಮರುದಿನ ಕೂತ ಭಂಗಿಯಲ್ಲೇ ಮೆರವಣಿಗೆ ಮಾಡಿ, ಕುಣಿಯಲ್ಲಿ ಕೂತಂತೆಯೇ ಇಳಿಸಿ, ಎಡ ಅಂಗೈಯಲ್ಲಿ ಅವರದೇ ಇಷ್ಟಲಿಂಗ ಇಟ್ಟು, ಪತ್ರೆ ವಿಭೂತಿ ಹಾಕಿ ಮಣ್ಣು ಕೊಡುತ್ತಾರೆ. ದಿನವೂ ಯಾವ ಭಂಗಿಯಲ್ಲಿ ಲಿಂಗವನ್ನು ನೋಡುತ್ತಾ ಕೂತಿದ್ದರೋ, ಕೊನೆಗೆ ಅದೇ ಭಂಗಿಯಲ್ಲಿ ಅದರೊಳಗೆ ಬೆರೆಯುವುದು. ಲಿಂಗೈಕ್ಯ ಎನ್ನುವ ಮಾತಿನ ಅರ್ಥವೇ ಅದು. ಸಾವಿನಿಂದ ಮನೆ ಮೈಲಿಗೆಯಾಗುತ್ತದೆ ಎಂದು ಬಸವಣ್ಣನವರ ದಾರಿಯಲ್ಲಿ ಒಪ್ಪುವುದಿಲ್ಲ. ಸೂತಕ ಎಂಬುದೇ ನಮಗಿಲ್ಲ. ಯಜಮಾನರು ತೀರಿದ ಸಂಜೆಯೂ ನಾನು ಸ್ನಾನ ಮಾಡಿ ಪೂಜೆಗೆ ಕೂತೆ. ನಾವು ಬಿಡಲಾರದ್ದು ಈ ಕೊನೆಯ ಕೂರುವಿಕೆ ಒಂದನ್ನೇ.

ಸ್ಮಶಾನದ ಕಚೇರಿಗೆ ಹೋದಾಗ ಅಲ್ಲಿದ್ದ ಅಧಿಕಾರಿ ಎದ್ದು ನಿಂತು ಕೈ ಕುಲುಕಿದರು, ನೀರು ಕೊಟ್ಟರು. ಬೇರೆ ಬೇರೆ ಧರ್ಮದವರ ಅಂತ್ಯಕ್ರಿಯೆ ಹೇಗೆಂದು ತಿಳಿಸುವ ಒಂದು ಕರಪತ್ರ ಅವರ ಬಳಿ ಇತ್ತು. ಒಳ್ಳೆಯ ಮನಸ್ಸಿನಿಂದ ಯಾರೋ ಮಾಡಿಸಿದ್ದದು. ಯಹೂದಿಗಳಿಗೆ ಒಂದು ಸಾಲು, ಮುಸ್ಲಿಮರಿಗೆ ಒಂದು ಸಾಲು, ಬೌದ್ಧರಿಗೆ ಒಂದು. “ಭಾರತದವರಲ್ಲವೇ? ಹಿಂದೂ. ಇಲ್ಲಿದೆ ನೋಡಿ: ದಹನ.” ಇಲ್ಲ, ನಾವು ಹೂಳುತ್ತೇವೆ ಎಂದೆ. ಹಾಗಾದರೆ ಮುಸ್ಲಿಮರೇ ಎಂದು ಕೇಳಿದರು. ಅಲ್ಲ ಎಂದೆ. ಅವರು ಕರಪತ್ರದ ಹಿಂದೆ ಮುಂದೆ ತಿರುಗಿಸಿ ನೋಡಿದರು. ಅವರ ಮುಖದಲ್ಲಿ ತಿರಸ್ಕಾರ ಇರಲಿಲ್ಲ, ಗಲಿಬಿಲಿ ಇತ್ತು. ನಮ್ಮ ದೇಶದಲ್ಲೇ ಈ ಪ್ರಶ್ನೆ ತೀರದಿರುವಾಗ ಅವರನ್ನು ದೂರಿ ಏನು ಫಲ? 2018ರಲ್ಲಿ ಕರ್ನಾಟಕ ಸರ್ಕಾರ ಲಿಂಗಾಯತಕ್ಕೆ ಅಲ್ಪಸಂಖ್ಯಾತ ಧರ್ಮದ ಸ್ಥಾನ ಕೊಡಬೇಕೆಂದು ಶಿಫಾರಸು ಮಾಡಿತು, ಕೇಂದ್ರ ಒಪ್ಪಲಿಲ್ಲ. ಆ ವಾದದಲ್ಲಿ ನಮ್ಮ ಬಂಧುಬಳಗದಲ್ಲೇ ಎರಡು ಪಕ್ಷ. ಅದನ್ನು ಇಲ್ಲಿ ಎಳೆದು ತರುವುದಿಲ್ಲ. ಹಿಂದೂ ಎಂದಾದರೂ ಬರೆಯಿರಿ, ಬೇರೆ ಧರ್ಮ ಎಂದಾದರೂ ಬರೆಯಿರಿ, ಅಡ್ಡಗೆರೆಯನ್ನೇ ಎಳೆಯಿರಿ. ಹೂಳುವ ರೀತಿಯನ್ನು ಮಾತ್ರ ನಮ್ಮನ್ನೇ ಕೇಳಿ.

ಆ ಮೂರು ದಿನಗಳಲ್ಲಿ ನನ್ನನ್ನು ಹೆಚ್ಚು ನೋಯಿಸಿದವರು ಜರ್ಮನರಲ್ಲ. ಹತ್ತಿರದ ಶಹರದ ಭಾರತೀಯ ಗೆಳೆಯರು ಓಡಿ ಬಂದರು, ಅಡುಗೆ ಮಾಡಿ ಹಾಕಿದರು, ಮಕ್ಕಳನ್ನು ನೋಡಿಕೊಂಡರು. ಆ ಋಣ ದೊಡ್ಡದು. ಆದರೆ ಅವರಲ್ಲೇ ಕೆಲವರು, ಸುಡುವುದೇ ಸುಲಭ, ಬೂದಿಯನ್ನು ಊರಿಗೆ ಕಳಿಸಬಹುದು, ಹೋದವರಿಗೆ ಏನು ಗೊತ್ತಾಗುತ್ತದೆ ಎಂದರು. ಇಲ್ಲಿಯ ಕಚೇರಿಯವರಿಗೆ ಗೊಂದಲ ಮಾಡಬೇಡಿ, ನಾಳೆ ನಮ್ಮೆಲ್ಲರಿಗೂ ತೊಂದರೆ ಎಂದೂ ಒಬ್ಬರು ಹೇಳಿದರು. ನಮ್ಮ ಕಡೆಯ, ಕನ್ನಡದ ಬಾಯಿಂದಲೇ ಆ ಮಾತು ಬಂತು. ನೂರು ಜನ ಭಾರತೀಯರಲ್ಲಿ ಹತ್ತು ಕನ್ನಡಿಗರು, ಹತ್ತು ಕನ್ನಡಿಗರಲ್ಲಿ ಲಿಂಗ ಕಟ್ಟಿದ ಮನೆ ಒಂದು. ಅಲ್ಪಸಂಖ್ಯಾತರ ನಡುವೆ ಅಲ್ಪಸಂಖ್ಯಾತರಾಗುವುದು ಎಂದರೆ ಏನೆಂದು ಆ ರಾತ್ರಿ ತಿಳಿಯಿತು. ದೊಡ್ಡ ಗುಂಪಿಗೆ ನಮ್ಮನ್ನು ವಿವರಿಸುವ ಸಣ್ಣ ಗುಂಪಿನವರು ತಮ್ಮೊಳಗಿನ ಇನ್ನೂ ಸಣ್ಣವರನ್ನು ಕೈಬಿಟ್ಟುಬಿಡುತ್ತಾರೆ.

ಕೊನೆಗೆ ಏನಾಯಿತು ಎಂದರೆ, ಬವೇರಿಯದಲ್ಲಿ 2021ರ ಏಪ್ರಿಲ್ 1ರಿಂದ ಧರ್ಮದ ಕಾರಣಕ್ಕೆ ಪೆಟ್ಟಿಗೆ ಇಲ್ಲದೆ ಬಟ್ಟೆಯಲ್ಲಿ ಸುತ್ತಿ ಹೂಳಲು ಅವಕಾಶವಿದೆ. ಆ ಅಧಿಕಾರಿಯೇ ಕಡತ ತೆಗೆದು ತೋರಿಸಿದರು. ಈ ಬಾಗಿಲು ತಾನಾಗಿ ತೆರೆದದ್ದಲ್ಲ. ವರ್ಷಗಟ್ಟಲೆ ಮುಸ್ಲಿಮರು ಕೇಳುತ್ತಾ ಬಂದದ್ದರಿಂದ ತೆರೆಯಿತು. ಅವರು ಬಡಿದ ಬಾಗಿಲಿನಿಂದ ನಾವು ಒಳಗೆ ಹೋದೆವು, ಇದನ್ನು ನಮ್ಮವರು ಮರೆಯಬಾರದು. ಬಟ್ಟೆ ಸರಿ, ಆದರೆ ಕುಂದ್ರಿಸುವುದಕ್ಕೆ ನಿಯಮದಲ್ಲಿ ಜಾಗ ಇರಲಿಲ್ಲ. ಕುಣಿಯ ಅಳತೆ ಮಲಗುವವರದು. ಕೂತ ದೇಹವನ್ನು ಇಳಿಸಲು ಇಬ್ಬರು ಕುಣಿಯೊಳಗೆ ಇಳಿಯಬೇಕಾಗುತ್ತದೆ, ಗೋಡೆ ಕುಸಿದರೆ ಯಾರು ಹೊಣೆ ಎಂದು ಕೇಳಿದರು. ಅದು ನ್ಯಾಯವಾದ ಪ್ರಶ್ನೆ. ಉತ್ತರ ಹುಡುಕಲು ನನಗೆ ಸಮಯವಿರಲಿಲ್ಲ, ಶಕ್ತಿಯೂ ಇರಲಿಲ್ಲ. ಒಪ್ಪಿಕೊಂಡೆ.

ಮಲಗಿಸಿದೆವು. ಅಯ್ಯನವರು ಯಾರೂ ಹತ್ತಿರ ಇರಲಿಲ್ಲ, ಊರಿನ ಮಠದ ಸ್ವಾಮಿಗಳು ಫೋನಿನಲ್ಲಿ ಮಂತ್ರ ಹೇಳಿದರು. ನೆಲ ಹೆಪ್ಪುಗಟ್ಟಿತ್ತು, ಮೇಲಿನ ಪದರ ಒಡೆಯಲು ಯಂತ್ರ ತಂದಿದ್ದರು. ಹತ್ತು ವರ್ಷದ ಮಗಳು ಕೈಗವಸು ಬಿಚ್ಚಿ ಅವಳಪ್ಪನ ಎಡ ಅಂಗೈ ಬಿಡಿಸಿ ಲಿಂಗ ಇಟ್ಟಳು. ಐದು ವರ್ಷದ ಮಗ, ಅಪ್ಪ ಯಾಕೆ ಎದ್ದು ಕೂರುವುದಿಲ್ಲ ಎಂದು ಕೇಳಿದ. ಮೈದುನರ ಮೊಬೈಲಿನಲ್ಲಿ ಅತ್ತೆ ನೋಡುತ್ತಿದ್ದರು. ಅವರು ಏನೂ ಹೇಳಲಿಲ್ಲ. ಈವರೆಗೂ ಹೇಳಿಲ್ಲ.

ಕಲ್ಲಿನ ಮೇಲೆ ಕನ್ನಡದಲ್ಲಿ ಹೆಸರು ಬರೆಸಲು ಅರ್ಜಿ ಕೊಟ್ಟೆ, ಅನುವಾದ ಕೇಳಿದರು, ಕೊಟ್ಟೆ, ಒಪ್ಪಿದರು. ಕಲ್ಲು ಕೆತ್ತುವವರು ಅಕ್ಷರ ಗೊತ್ತಿಲ್ಲದೆ ನಾನು ಬರೆದುಕೊಟ್ಟ ಕಾಗದವನ್ನು ಕಲ್ಲಿನ ಮೇಲೆ ಅಂಟಿಸಿ ಕೆತ್ತಿದರು. ಮೊದಲ ಸಲ ಒಂದು ಒತ್ತಕ್ಷರ ಪಕ್ಕಕ್ಕೆ ಸರಿದಿತ್ತು. ಮಾತಾಡದೆ ಇನ್ನೊಂದು ಕಲ್ಲು ತೆಗೆದುಕೊಂಡು ಹೊಸದಾಗಿ ಕೆತ್ತಿಕೊಟ್ಟರು, ಹಣ ಕೇಳಲಿಲ್ಲ.

ನವೆಂಬರ್ ಒಂದನೇ ತಾರೀಖು ನಮಗೆ ರಾಜ್ಯೋತ್ಸವ. ಬವೇರಿಯದಲ್ಲಿ ಅದು ಸಕಲ ಸಂತರ ದಿನ, ಸರ್ಕಾರಿ ರಜೆ. ಊರಿಗೆ ಊರೇ ಸ್ಮಶಾನಕ್ಕೆ ಬರುತ್ತದೆ. ಸಮಾಧಿಗಳನ್ನು ಗುಡಿಸಿ, ಹೂಗಿಡ ನೆಟ್ಟು, ಕೆಂಪು ಗಾಜಿನ ದೀಪ ಹಚ್ಚುತ್ತಾರೆ. ಪಾದ್ರಿಗಳು ಸಾಲು ಸಾಲಿಗೆ ಪವಿತ್ರ ನೀರು ಚಿಮುಕಿಸುತ್ತಾ ಬರುತ್ತಾರೆ. ಮೊದಲ ವರ್ಷ ನಾನು ಹಳದಿ ಕೆಂಪು ಹೂವಿನ ಹಾರ ಹಿಡಿದು ಹೋದಾಗ ಯಜಮಾನರ ಕಲ್ಲಿನ ಮುಂದೆ ಆಗಲೇ ಒಂದು ದೀಪ ಉರಿಯುತ್ತಿತ್ತು. ಕೆಳಗಿನ ಮನೆಯ ಅಜ್ಜಿ ಇಟ್ಟದ್ದು. ಪಾದ್ರಿಗಳು ನಮ್ಮ ಸಾಲಿಗೆ ಬಂದಾಗ ನಿಂತು, ನನ್ನ ಕಡೆ ನೋಡಿ, ಬೇಕೇ ಎನ್ನುವಂತೆ ತಲೆ ಆಡಿಸಿದರು. ನಾನು ಹೂಂ ಎಂದೆ. ನಾನು ಅದನ್ನು ಮತಾಂತರವೆಂದು ತಿಳಿಯಲಿಲ್ಲ, ಅವರೂ ಹಾಗೆ ತಿಳಿದಿರಲಿಲ್ಲ. ಪಕ್ಕದ ಮನೆಯವರು ಮಣ್ಣಿಗೆ ಬಂದ ಹಾಗೆ ಇತ್ತು. ಅವರು ಕೇಳಿದರು ಎನ್ನುವುದೇ ನನಗೆ ದೊಡ್ಡದಾಗಿ ಕಂಡಿತು.

ಇನ್ನು ಬೇಡಿಕೆಗೆ ಬರುತ್ತೇನೆ. ಆ ದಿನ ಉತ್ತರ ಸಿಗದಿದ್ದ ಪ್ರಶ್ನೆಗೆ ಈಗ ಉತ್ತರ ತಂದಿದ್ದೇನೆ.

ಸಾಮಾನ್ಯವಾಗಿ ಇಲ್ಲಿ ಕುಣಿಯನ್ನು 1.80 ಮೀಟರು ಆಳ ತೋಡುತ್ತಾರೆ, ಪೆಟ್ಟಿಗೆಯ ಮೇಲೆ ಕಡಿಮೆಯೆಂದರೆ 90 ಸೆಂಟಿಮೀಟರು ಮಣ್ಣು ಇರಬೇಕು. ಪದ್ಮಾಸನದಲ್ಲಿ ಕೂತ ವಯಸ್ಕರ ಎತ್ತರ ಹೆಚ್ಚೂಕಡಿಮೆ 90 ಸೆಂಟಿಮೀಟರು. ಕೂತವರ ತಲೆಯ ಮೇಲೂ ಅಷ್ಟೇ ಮಣ್ಣು ಬೀಳುತ್ತದೆ. ಅತಿ ಎತ್ತರದವರಿಗೆ ಒಂದು ಗೇಣು ಹೆಚ್ಚು ತೋಡಿದರಾಯಿತು. ಉದ್ದ ಅಗಲ ಒಂದೊಂದು ಮೀಟರು ಸಾಕು. ಮಲಗಿದವರಿಗೆ ಬೇಕಾದದ್ದಕ್ಕಿಂತ ಕಡಿಮೆ ನೆಲ. ಸ್ಮಶಾನದಲ್ಲಿ ಜಾಗ ಸಾಲದೆಂಬ ಮಾತು ನಮ್ಮ ಬೇಡಿಕೆಗೆ ಅಡ್ಡ ಬರುವುದಿಲ್ಲ. ಯಾರೂ ಕುಣಿಯೊಳಗೆ ಇಳಿಯುವುದೂ ಬೇಡ. ಕುರ್ಚಿಯಂತೆ ಬೆನ್ನಿಗೆ ಒರಗು ಇರುವ, ಮೇಲೆ ಮುಚ್ಚಳವಿಲ್ಲದ, ಹಗುರ ಮರದ ಪೆಟ್ಟಿಗೆಯೊಂದನ್ನು ಮಾಡಿ, ಈಗ ಶವಪೆಟ್ಟಿಗೆಯನ್ನು ಇಳಿಸುವ ಪಟ್ಟಿಗಳಿಂದಲೇ ಮೇಲಿನಿಂದ ಇಳಿಸಬಹುದು. ಇಲ್ಲಿಯ ಒಬ್ಬ ಬಡಗಿಯ ಬಳಿ ನಕ್ಷೆ ಮಾಡಿಸಿದ್ದೇನೆ. ಜರ್ಮನ್ ಪ್ರತಿಯ ಜೊತೆ ಅದನ್ನು ಲಗತ್ತಿಸಿದ್ದೇನೆ. ಅಂಥ ಪೆಟ್ಟಿಗೆಯಲ್ಲಿ ಇಳಿಸಲು ಅನುಮತಿ ಎಂದು ಸ್ಮಶಾನದ ನಿಯಮಾವಳಿಯಲ್ಲಿ ಒಂದು ವಾಕ್ಯ ಸೇರಿಸಿದರೆ ಸಾಕು. ಬೇರೆ ಅಂಗಳ ಬೇಡ, ಬೇಲಿ ಬೇಡ. ಎಲ್ಲರ ಸಾಲಿನಲ್ಲೇ ಇರಲಿ.

ಎರಡನೆಯದು ಅವಧಿ. ನಮ್ಮ ಊರಿನಲ್ಲಿ ಸಮಾಧಿಯ ಹಕ್ಕು 20 ವರ್ಷ. ಹಣ ಕಟ್ಟಿ ಮುಂದುವರಿಸಬಹುದು, ಆದರೆ ಮುಂದುವರಿಸಲು ಆ ಹೊತ್ತಿಗೆ ನಗರಸಭೆ ಒಪ್ಪಬೇಕು. 2043ರಲ್ಲಿ ನಾನು ಇರುತ್ತೇನೋ ಇಲ್ಲವೋ, ಮಕ್ಕಳು ಯಾವ ದೇಶದಲ್ಲಿರುತ್ತಾರೋ. ನಮ್ಮಲ್ಲಿ ಸ್ವಂತ ಹೊಲದ ಮೂಲೆಯಲ್ಲಿ ಮಣ್ಣು ಕೊಟ್ಟು, ಮೊಮ್ಮಗನ ಮೊಮ್ಮಗ ನೇಗಿಲು ಹೊಡೆಯುವಾಗಲೂ ಆ ಕಟ್ಟೆಯನ್ನು ಸುತ್ತಿ ಹೋಗುತ್ತಾನೆ. ಈ ದೇಶದಲ್ಲೂ ಯಹೂದಿ ಸ್ಮಶಾನಗಳಲ್ಲಿ ಸಮಾಧಿಯನ್ನು ಎಂದೂ ಕದಲಿಸುವುದಿಲ್ಲ ಎಂದು ಕೇಳಿದ್ದೇನೆ, ಕಂಡಿದ್ದೇನೆ. ಅವರಿಗೆ ಆದ ಅನ್ಯಾಯ, ಅವರ ಹಕ್ಕಿನ ತೂಕ ಬೇರೆ, ಅದರೊಂದಿಗೆ ನಮ್ಮದನ್ನು ಸರಿಸಮ ಇಡುತ್ತಿಲ್ಲ. ಕೇಳುತ್ತಿರುವುದು ಇಷ್ಟೇ: ಮುಂದುವರಿಸಲು ಯಾರಾದರೂ ಹಣ ಕಟ್ಟುತ್ತಿರುವಷ್ಟು ಕಾಲ ಇಲ್ಲ ಎನ್ನಬೇಡಿ, ತೆರವು ಮಾಡುವ ಮುನ್ನ ಊರಿನ ವಿಳಾಸಕ್ಕೂ ಒಂದು ಕಾಗದ ಹಾಕಿ.

ಇದು ಹೊಸಬರ ಅತಿಯಾಸೆ ಎನ್ನುವವರಿಗೆ ಒಂದೆರಡು ಹಳೆಯ ಸಂಗತಿ ನೆನಪಿಸಬೇಕು. 1798ರಲ್ಲಿ ಬರ್ಲಿನ್‌ನಲ್ಲಿ ತುರ್ಕಿಯ ರಾಯಭಾರಿ ಅಲಿ ಅಜೀಜ್ ಎಫೆಂದಿ ತೀರಿಕೊಂಡರು. ಮುಸ್ಲಿಮರನ್ನು ಹೂಳಲು ಜಾಗವೇ ಇಲ್ಲದ ಪಟ್ಟಣದಲ್ಲಿ ಪ್ರಷ್ಯದ ದೊರೆ ನೆಲ ಕೊಟ್ಟ. 1866ರಲ್ಲಿ ಆ ಸಮಾಧಿಗಳನ್ನು ಈಗಿನ ಕೊಲುಂಬಿಯಾಡಾಮ್ ರಸ್ತೆಗೆ ಸಾಗಿಸಿದರು, ಇಂದು ಅಲ್ಲಿ ಮಸೀದಿಯೂ ಇದೆ. ಬರ್ಲಿನ್‌ನ ದಕ್ಷಿಣಕ್ಕೆ ವ್ಯುನ್ಸ್‌ಡೋರ್ಫ್ ಬಳಿ ತ್ಸೇರೆನ್ಸ್‌ಡೋರ್ಫ್ ಎಂಬಲ್ಲಿ ಭಾರತೀಯರದೇ ಸ್ಮಶಾನವಿದೆ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಪರವಾಗಿ ಕಾದಾಡಿ ಜರ್ಮನರ ಕೈಸೆರೆಯಾಗಿ ಅಲ್ಲಿಯ ಶಿಬಿರಗಳಲ್ಲಿ ಸತ್ತ ಇನ್ನೂರಕ್ಕೂ ಹೆಚ್ಚು ಭಾರತೀಯ ಸೈನಿಕರ ನೆನಪು ಅಲ್ಲಿದೆ. ಸೆರೆಯಾಳುಗಳಿಗೂ ಅವರವರ ಧರ್ಮ ಕೇಳಿ ಅಡುಗೆ, ಪ್ರಾರ್ಥನೆಯ ವ್ಯವಸ್ಥೆ ಮಾಡಿದ್ದರಂತೆ. ಅದರ ಹಿಂದೆ ಯುದ್ಧದ ಲೆಕ್ಕಾಚಾರ ಇತ್ತು, ಒಪ್ಪುತ್ತೇನೆ. ಆದರೂ ಕೇಳಿದ್ದರು.

ಈಚಿನದ್ದನ್ನೂ ನೋಡಿ. ಶ್ರೀಲಂಕಾದ ಯುದ್ಧದಿಂದ ಓಡಿ ಬಂದ ತಮಿಳರು ಹಾಮ್ ಪಟ್ಟಣದ ಕೈಗಾರಿಕಾ ಬಡಾವಣೆಯಲ್ಲಿ 2002ರಲ್ಲಿ ಕಾಮಾಕ್ಷಿ ಅಮ್ಮನ ಗುಡಿಯನ್ನು ಗೋಪುರ ಸಹಿತ ಕಟ್ಟಿ ನಿಲ್ಲಿಸಿದರು. ಪ್ರತಿ ಬೇಸಿಗೆಯಲ್ಲಿ ಅಲ್ಲಿ ತೇರು ಎಳೆಯುವಾಗ ಸಾವಿರಗಟ್ಟಲೆ ಜನ ಸೇರುತ್ತಾರೆ, ಪೊಲೀಸರು ದಾರಿ ಬಿಡಿಸುತ್ತಾರೆ. 2025ರಲ್ಲಿ ರೈನ್‌ಲಾಂಟ್-ಫಾಲ್ಟ್ಸ್ ರಾಜ್ಯ ಕಾನೂನು ತಿದ್ದಿ, ಅಲ್ಲಿನ ನಿವಾಸಿಗಳು ಬದುಕಿದ್ದಾಗ ಬರೆದಿಟ್ಟಿದ್ದರೆ ಅವರ ಬೂದಿಯನ್ನು ರೈನ್ ಮೊದಲಾದ ದೊಡ್ಡ ನದಿಗಳಿಗೆ ಒಪ್ಪಿಸಲು ಅವಕಾಶ ಕೊಟ್ಟಿತು. ಬೂದಿಯನ್ನೂ ಸ್ಮಶಾನದಲ್ಲೇ ಇಡಬೇಕೆಂಬ ಕಟ್ಟು ಎಷ್ಟು ಹಳೆಯದು ಈ ದೇಶದಲ್ಲಿ! ಅದು ಸಡಿಲವಾಗಬಹುದಾದರೆ ಕುಣಿಯ ಆಕಾರ ಬದಲಾಗುವುದು ದೊಡ್ಡ ಮಾತಲ್ಲ.

ಈಗ ಕನ್ನಡಿಗರಿಗೆ.

ಲಂಡನ್ನಿನ ಥೇಮ್ಸ್ ದಂಡೆಯಲ್ಲಿ 2015ರ ನವೆಂಬರಿನಲ್ಲಿ ಬಸವಣ್ಣನವರ ಪ್ರತಿಮೆ ನಿಂತಾಗ ನಾವೆಲ್ಲ ಹೆಮ್ಮೆಪಟ್ಟೆವು. ನಾನೂ ಫೋಟೋ ಹಂಚಿದ್ದೆ. ಆದರೆ ಪ್ರತಿಮೆಗೆ ಹಣ ಕೂಡಿಸುವ ನಾವು, ಒಂದು ಮನೆಯಲ್ಲಿ ಸಾವಾದಾಗ ಕಚೇರಿಯಲ್ಲಿ ಅವರ ಪರವಾಗಿ ಒಂದು ಅರ್ಜಿ ಬರೆದುಕೊಡಲು ಯಾಕೆ ಹಿಂಜರಿದೆವು? ಯುಗಾದಿ, ದೀಪಾವಳಿ, ರಾಜ್ಯೋತ್ಸವ ಎಲ್ಲ ಚೆನ್ನಾಗಿ ಮಾಡುತ್ತೀರಿ. ಮಂಗಳೂರಿನ ಕ್ರೈಸ್ತರು, ಬೀದರಿನ ಮುಸ್ಲಿಮರು, ಬೆಳಗಾವಿಯ ಜೈನರು ನಮ್ಮ ನಡುವೆ ಇದ್ದಾರೆ. ಅವರಿಗೆ ಹಬ್ಬದೂಟದಲ್ಲಿ ಏನು ಬೇಕು, ಸಾವಿನಲ್ಲಿ ಏನು ಬೇಕು ಎಂದು ಯಾರಾದರೂ ಕೇಳಿ ಬರೆದಿಟ್ಟಿದ್ದೀರಾ? ಸೂರ್ಯ ಮುಳುಗಿದ ಮೇಲೆ ಉಣ್ಣದ ಜೈನ ಮನೆಯವರಿಗೆ ನಮ್ಮ ಕೂಟಗಳಲ್ಲಿ ರಾತ್ರಿ ಒಂಬತ್ತಕ್ಕೆ ಎಲೆ ಹಾಕುತ್ತೇವೆ. ನಾನೂ ಹಾಕಿದ್ದೇನೆ.

ಇನ್ನೊಂದು ಮಾತು ನನ್ನೊಳಗಿಂದ ಎಷ್ಟೋ ದಿನದಿಂದ ಹೊರಬರಲು ಕಾಯುತ್ತಿದೆ. ನಾನು ಬೆಳೆದ ಹಳ್ಳಿಯಲ್ಲಿ ನಮ್ಮವರೇ ಹೆಚ್ಚು. ಹೊಲ ನಮ್ಮದು, ಹಳ್ಳ ನಮ್ಮದು, ಪಂಚಾಯ್ತಿ ನಮ್ಮದು. ನಾನು ಏಳನೆಯ ಇಯತ್ತೆಯಲ್ಲಿದ್ದಾಗ, ಸ್ವಂತ ತುಂಡು ನೆಲವೂ ಇಲ್ಲದ ದಲಿತ ಮನೆಯೊಂದರಲ್ಲಿ ಅಜ್ಜ ಸತ್ತ. ಮಳೆಗಾಲ. ಅವರು ಯಾವಾಗಲೂ ಮಣ್ಣು ಕೊಡುತ್ತಿದ್ದ ಹಳ್ಳದ ದಂಡೆಗೆ ನೀರು ಏರಿತ್ತು. ನಮ್ಮ ಹೊಲದ ಬದುವಿನಲ್ಲಿ ಜಾಗ ಕೇಳಲು ಇಬ್ಬರು ಬಂದು ನಮ್ಮ ಕಟ್ಟೆಯ ಕೆಳಗೆ ನಿಂತರು. ನೋಡೋಣು, ನಾಳೆ ಬರ್ರಿ ಎಂದರು ನನ್ನ ಅಪ್ಪ. ಅವರು ಕೆಟ್ಟವರಲ್ಲ, ದಿನವೂ ಲಿಂಗಪೂಜೆ ಮಾಡಿಯೇ ಉಣ್ಣುವವರು. ಮರುದಿನ ಆ ಇಬ್ಬರು ಬರಲಿಲ್ಲ. ಎಲ್ಲಿ ಮಣ್ಣು ಕೊಟ್ಟರೆಂದು ನಮ್ಮ ಮನೆಯಲ್ಲಿ ಯಾರೂ ವಿಚಾರಿಸಲಿಲ್ಲ. ಸ್ಮಶಾನದ ಕಚೇರಿಯಲ್ಲಿ ನನಗೆ ಕುರ್ಚಿ ಹಾಕಿ ನೀರು ಕೊಟ್ಟಾಗ ಆ ಇಬ್ಬರು ನೆನಪಾದರು. ಅವರು ನಿಂತೇ ಇದ್ದರು. ಕಳೆದ ವರ್ಷ ಊರಿಗೆ ಹೋದಾಗ ಅಪ್ಪನ ಮುಂದೆ ಈ ಮಾತು ತೆಗೆದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ಹಳ್ಳದ ಮೇಲಿನ ನಾಲ್ಕು ಗುಂಟೆಯನ್ನು ಪಂಚಾಯ್ತಿಗೆ ಬರೆದುಕೊಡುವ ವಿಷಯ ಅಣ್ಣನ ಜೊತೆ ಮಾತಾಡುತ್ತೇನೆ ಎಂದರು. ಕಾಗದಪತ್ರ ಇನ್ನೂ ಆಗಿಲ್ಲ. ಪ್ರತಿ ಭಾನುವಾರ ಫೋನಿನಲ್ಲಿ ಕೇಳುತ್ತಿದ್ದೇನೆ. ಇಲ್ಲಿ ಜಾಗ ಕೇಳುವ ಬಾಯಿಂದ ಅಲ್ಲಿಯೂ ಕೇಳಲೇಬೇಕು.

ಮಾನ್ಯ ಸದಸ್ಯರೇ, ನಮಗೆ ಗುಡಿ ಕಟ್ಟಲು ನೆಲ ಬೇಡ. ಶಿವರಾತ್ರಿಗೂ ಬಸವ ಜಯಂತಿಗೂ ರಜೆ ಬೇಡ, ಇರುವ ರಜೆಯಲ್ಲಿ ಒಂದು ದಿನ ಹಾಕಿಕೊಳ್ಳುತ್ತೇವೆ. ನಿಮ್ಮ ಕಚೇರಿಯ ಬಾಗಿಲಲ್ಲಿ ಶಿಲುಬೆ ಇದೆ, ಅದನ್ನು ತೆಗೆಯಿರಿ ಎಂದು ಕೇಳುವವಳೂ ನಾನಲ್ಲ. ಅದರ ಕೆಳಗೆ ಕೂತು ನನ್ನ ಅರ್ಜಿ ಬರೆದಿದ್ದೇನೆ. ಆ ಕರಪತ್ರವನ್ನು ಮತ್ತೆ ಅಚ್ಚು ಹಾಕಿಸುವಾಗ ಪ್ರತಿ ಧರ್ಮದ ಮುಂದೆ ಉತ್ತರ ಬರೆದಿಡುವ ಬದಲು ಖಾಲಿ ಗೆರೆ ಬಿಡಿ. ಬಂದ ಮನೆಯವರೇ ತುಂಬಲಿ.

ಮುಂದಿನ ಸಭೆಗೆ ನಾನು ಬರುತ್ತೇನೆ. ಸಾರ್ವಜನಿಕರಿಗೆ ಮಾತಾಡಲು ಕೊಡುವ ಸಮಯದಲ್ಲಿ ಹೆಸರು ಬರೆಸಿದ್ದೇನೆ. ಮಗಳೂ ಬರುತ್ತಾಳೆ, ನನ್ನ ಜರ್ಮನ್ ತಡವರಿಸಿದಲ್ಲಿ ಅವಳು ಹೇಳುತ್ತಾಳೆ. ಬಡಗಿಯವರು ಪೆಟ್ಟಿಗೆಯ ಸಣ್ಣ ಮಾದರಿಯನ್ನು ಮರದಲ್ಲಿ ಮಾಡಿಕೊಟ್ಟಿದ್ದಾರೆ, ತರುತ್ತೇನೆ.

ಯಜಮಾನರಿಗೆ ನಾನು ಕೊಂಡದ್ದು ಇಬ್ಬರ ಜಾಗ. ಎಡಗಡೆ ಅವರು ಮಲಗಿದ್ದಾರೆ. ಬಲಗಡೆಯದು ನನ್ನದು, ಅಲ್ಲಿ ಈಗ ಸೇವಂತಿಗೆ ನೆಟ್ಟಿದ್ದೇನೆ. ಅವರಿಗಾಗದ್ದು ನನಗಾದರೂ ಆಗಲಿ. ನನ್ನ ಹೊತ್ತು ಬಂದಾಗ ಸೇವಂತಿಗೆ ಕಿತ್ತು, ಒಂದು ಮೀಟರು ಉದ್ದ ಒಂದು ಮೀಟರು ಅಗಲ ತೋಡಿ, ನನ್ನನ್ನು ಕುಂದ್ರಿಸಿ.

ಶರಣು ಶರಣಾರ್ಥಿ.

ಗದಗ ಸೀಮೆಯ ಒಬ್ಬ ಹೆಣ್ಣುಮಗಳು,
ಬವೇರಿಯ